ನಾಯಿಗೆಂದು ಕೊಟ್ಟ ಸಿಪ್ಪೆ

ನನ್ನ ಅತ್ತಿಗೆ ಲೊರೆಟ್ಟಾ ಸ್ಕಾಲ್ಜೊ ಮೂವತ್ತೊಂದು ವರ್ಷ ಒಂದೇ ಸಾಸನ್ನು ಕೆಡಿಸಿದಳು. ಹೀಗೆ ಹೇಳಿದರೆ ಅವಳಿಗೆ ಕೋಪ ಬರುವುದಿಲ್ಲ, ಅವಳೇ ಹಾಗೆ ಹೇಳಿಕೊಂಡು ನಗುತ್ತಿದ್ದಳು. ಕೋಪ ಬರುವುದು ನನಗೆ. ಯಾಕೆಂದರೆ ಕೆಡಿಸಿದ್ದು ಅವಳಲ್ಲ.

ಯೂಟಿಕ ಪಟ್ಟಣದ ಪೂರ್ವ ಭಾಗದಲ್ಲಿ, ಬ್ಲೀಕರ್ ಬೀದಿಯಿಂದ ಎರಡು ಓಣಿ ಒಳಗೆ ನಮ್ಮ ಮನೆ. ಕೆಳಗೆ ಅಣ್ಣ ಪ್ಯಾಟ್ಸಿ ಮತ್ತು ಅತ್ತಿಗೆ, ಮೇಲೆ ಮದುವೆಯಾಗದ ನಾನು. ಕೆಳಗೆ ಬೆಳ್ಳುಳ್ಳಿ ಬೆಣ್ಣೆಗೆ ಬಿದ್ದರೆ ಮೇಲೆ ನನ್ನ ಪರದೆಗೆ ವಾಸನೆ ಹತ್ತುತ್ತದೆ. ಹಾಗಾಗಿ ಲೊರೆಟ್ಟಾಳ ಬದುಕಿನಲ್ಲಿ ನಡೆದದ್ದು ನನಗೆ ಮೊದಲು ಮೂಗಿನಿಂದ ತಿಳಿಯುತ್ತದೆ, ಆಮೇಲೆ ಕಿವಿಯಿಂದ.

ಅವಳು ತಾಯಿಯಿಲ್ಲದೆ ಬೆಳೆದವಳು. ಅವಳ ಅಪ್ಪ ಕಲ್ಲು ಕಟ್ಟುವ ಮನುಷ್ಯ, ಡಬ್ಬಿಯ ಬೀನ್ಸ್ ಬಿಸಿಮಾಡಿ ಮೂರು ಹೆಣ್ಣುಮಕ್ಕಳನ್ನು ಸಾಕಿದ. ಆಗೆಲ್ಲ ನಮ್ಮಲ್ಲಿ ಸೊಸೆಯಾಗಿ ಬರುವ ಎಲ್ಲರ ಪೆಟ್ಟಿಗೆಯಲ್ಲೂ ಅಮ್ಮ ಬರೆದುಕೊಟ್ಟ ಅಡುಗೆ ಚೀಟಿಗಳ ಕಟ್ಟು ಇರುತ್ತಿತ್ತು. ಇವಳ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಶಾಲೆಯ ಊಟದ ಮನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದಳು, ಊರಿನ ಅರ್ಧ ಮಕ್ಕಳ ತಟ್ಟೆಗೆ ಬಡಿಸಿದಳು. ಆದರೂ "ನಂಗೆ ನನ್ದೂ ಅಂತ ಒಂದು ಅಡುಗೆ ಇಲ್ಲ ಕಣೇ" ಎಂದು ನನ್ನ ಮುಂದೆ ಅದೆಷ್ಟು ಸಲ ಹೇಳಿದ್ದಾಳೋ.

ನಮ್ಮೂರಿನ ಮಾನ ಇರುವುದು ರಿಗ್ಗಿಯಲ್ಲಿ. ಬೆರಳು ದಪ್ಪದ ಕೊಳವೆ ಪಾಸ್ತಾ, ಕೋಳಿ, ವಿನಿಗರಿನಲ್ಲಿ ನೆನೆದ ಗುಂಡು ಮೆಣಸಿನಕಾಯಿಯ ಖಾರ, ಟೊಮೇಟೊ, ಅದನ್ನೆಲ್ಲ ಸಮಾಧಾನ ಮಾಡುವ ಕೆನೆ. ಮನೆಗೊಂದು ಬಗೆ, ಹೋಟೆಲಿಗೊಂದು ಬಗೆ. ಯಾವುದು ಸರಿಯಾದದ್ದು ಎಂದು ಕೇಳಿದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ.

ನಮ್ಮ ಹೆಂಗಸರದ್ದು ಒಂದು ರೂಢಿ ಇದೆ. ಅಡುಗೆ ಚೀಟಿ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಅಂದವಾಗಿ ಬರೆದುಕೊಡುತ್ತಾರೆ, ಒಂದು ಸಾಮಾನು ಬಿಟ್ಟು. ಇದನ್ನು ಯಾರೂ ಮೋಸ ಅನ್ನುವುದಿಲ್ಲ. ನನಗೆ ಈ ಊರಲ್ಲಿ ಹದಿನಾಲ್ಕು ಜನ ಚೀಟಿ ಕೊಟ್ಟಿದ್ದಾರೆ, ಹದಿನಾಲ್ಕೂ ಕುಂಟು. ನಾನು ಕೊಟ್ಟವೂ ಅಷ್ಟೇ, ದೇವರು ಕ್ಷಮಿಸಲಿ. ಆದರೆ ಇಬ್ಬರಿಗೆ ಮಾತ್ರ ಏನನ್ನೂ ಬಿಡುವ ಹಾಗಿಲ್ಲ. ಒಬ್ಬಳು ಹೆತ್ತ ಮಗಳು, ಇನ್ನೊಬ್ಬಳು ಕೊಮಾರೆ. ಒಬ್ಬಳ ಮಗುವನ್ನು ಇನ್ನೊಬ್ಬಳು ಚರ್ಚಿನಲ್ಲಿ ಜ್ಞಾನಸ್ನಾನದ ದಿನ ತೋಳಲ್ಲಿ ಹಿಡಿದು ಜ್ಞಾನತಾಯಿಯಾದರೆ, ಆ ಇಬ್ಬರೂ ಅಂದಿನಿಂದ ಒಬ್ಬರಿಗೊಬ್ಬರು ಕೊಮಾರೆ. ಒಡಹುಟ್ಟಿದವರ ಜೊತೆ ಜಗಳವಾಡಬಹುದು. ಕೊಮಾರೆಗೆ ಎರಡು ಬಗೆಯಬಾರದು.

ಲೊರೆಟ್ಟಾಳ ಕೊಮಾರೆ ಯೊಲಾಂಡಾ ಟೆಡೆಸ್ಕೊ. ಇವಳಿಗಿಂತ ಹನ್ನೆರಡು ವರ್ಷ ದೊಡ್ಡವಳು, ಎರಡು ಓಣಿ ಆಚೆ ಮನೆ, ಬೇಗ ಗಂಡನನ್ನು ಕಳೆದುಕೊಂಡವಳು, ಇಬ್ಬರು ಗಂಡುಮಕ್ಕಳು ಫ್ಲೋರಿಡಾ ಸೇರಿದ್ದಾರೆ. ಪ್ರತಿ ಅಕ್ಟೋಬರಿನಲ್ಲಿ ಒಂದು ಶನಿವಾರ ನಮ್ಮ ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ ನಾನೂರು ಜನರಿಗೆ ರಿಗ್ಗಿ ಊಟ ಆಗುತ್ತದೆ. ಆ ಸಾಸಿನ ಪಾತ್ರೆಯ ಮುಂದೆ ನಿಲ್ಲುವ ಹಕ್ಕು ಯೊಲಾಂಡಾಳದ್ದು. ಮರದ ಉದ್ದ ಸೌಟನ್ನು ಅವಳು ಹಿಡಿದರೆ ಪಾದ್ರಿಯೂ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.

ಲೊರೆಟ್ಟಾಳ ಮಗಳು ಮರೀಸಾ ಹುಟ್ಟಿದ ವರ್ಷ, ಅವಳ ಜ್ಞಾನಸ್ನಾನದ ಊಟ ಮುಗಿದ ಮೇಲೆ, ಜ್ಞಾನತಾಯಿಯಾದ ಯೊಲಾಂಡಾ ತನ್ನ ಕೈಚೀಲದಿಂದ ಒಂದು ಚೀಟಿ ತೆಗೆದು ಲೊರೆಟ್ಟಾಳ ಕೈಗಿಟ್ಟಳು. ನಾನೇ ಎದುರಿಗಿದ್ದೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಳಿದಳು: "ತಗೋ ಕೊಮಾರೆ. ನಿಂಗೆ ಅಮ್ಮ ಇಲ್ಲ, ನಾನು ಕೊಡ್ತಿದ್ದೀನಿ. ಒಂದಕ್ಷರಾನೂ ಬಿಟ್ಟಿಲ್ಲ." ಲೊರೆಟ್ಟಾ ಅತ್ತಳು. ಸತ್ಯ ಹೇಳಬೇಕೆಂದರೆ ನನ್ನ ಕಣ್ಣೂ ತುಂಬಿತ್ತು.

ಅಂದಿನಿಂದ ಪ್ರತಿ ಬುಧವಾರ ನಮ್ಮ ಮನೆಯಲ್ಲಿ ರಿಗ್ಗಿ. ಚೀಟಿಯಲ್ಲಿ ಇದ್ದಂತೆ ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ. ಕೋಳಿಗೆ ಒಂದು ಲೋಟ ವೈನು. ಟೊಮೇಟೊ ಬೆಂದು ಕಡುಗೆಂಪಾದ ಮೇಲೆ ಕೆನೆ. ಒಲೆ ಆರಿಸಿ ತುರಿದ ಚೀಸ್. ನೋಡಲು ಯೊಲಾಂಡಾಳದ್ದರಂತೆಯೇ ಇರುತ್ತಿತ್ತು. ಬಾಯಿಗಿಟ್ಟರೆ ಏನೋ ಒಂದು ಇಲ್ಲ. ರುಚಿ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು, ಗಂಟಲಿಗೆ ಇಳಿಯುತ್ತಿರಲಿಲ್ಲ. ನನ್ನ ಅಣ್ಣ ಒಳ್ಳೆಯವನು, ಆದರೆ ಬಾಯಿಗೆ ಬೀಗವಿಲ್ಲ. ಪ್ರತಿ ಬುಧವಾರ ತಟ್ಟೆ ಬಳಿದು ತಿಂದು ಅದೇ ಮಾತು: "ಚೆನ್ನಾಗಿದೆ. ಆದ್ರೆ ಯೊಲಾಂಡಾದು ಅಲ್ಲ."

ತಪ್ಪು ತನ್ನ ಕೈಯದ್ದೇ ಎಂದು ಲೊರೆಟ್ಟಾ ನಂಬಿದಳು. ಕೊಮಾರೆ ಕೊಟ್ಟ ಚೀಟಿಯನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ. ಹಾಗಾಗಿ ಕೈಯನ್ನು ತಿದ್ದಲು ಹೊರಟಳು. ಒಂದು ವರ್ಷ ಕೆನೆಗೆ ಮೊಟ್ಟೆಯ ಹಳದಿ ಕದಡಿದಳು. ಇನ್ನೊಂದು ವರ್ಷ ಜಾಯಿಕಾಯಿ. ಮೈದಾ ಹುರಿದು ಹಾಕಿದ ಚಳಿಗಾಲ ನಾವೆಲ್ಲ ಅಂಟು ತಿಂದೆವು. ಹುಳಿ ಕೆನೆ ಹಾಕಿದಾಗ ಒಡೆಯಿತು, ಕ್ರೀಮ್ ಚೀಸ್ ಹಾಕಿದಾಗ ಸಿಹಿಯಾಯಿತು. ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ಅರೆದು ನೋಡಿದಳು. ಪ್ರತಿಯೊಂದನ್ನೂ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಳು, ಅಲ್ಲಿ ಜಾಗ ಮುಗಿದ ಮೇಲೆ ಇನ್ನೊಂದು ಚೀಟಿ ಅಂಟಿಸಿದಳು. ಒಮ್ಮೆ ಇಡೀ ಬೆಳ್ಳುಳ್ಳಿ ಗಡ್ಡೆಯನ್ನು ಒಲೆಯೊಳಗೆ ಬೇಯಿಸಿ ಹಿಸುಕಿ, ಪಾಸ್ತಾ ಬೆಂದ ನೀರನ್ನು ಒಂದು ಸೌಟು ಕೆನೆಗೆ ಕೂಡಿಸಿ ಮಾಡಿದಳು. ಅದನ್ನು ತಿಂದು ನಾನು ಮೆಟ್ಟಿಲು ಹತ್ತಲಾರದೆ ಅಲ್ಲೇ ಕೂತೆ. ಅಷ್ಟು ರುಚಿ.

"ಅತ್ತಿಗೆ, ಇದು ನಿನ್ದು. ಇನ್ನು ಏನನ್ನೂ ಮುಟ್ಬೇಡ," ಅಂದೆ.

"ಆದ್ರೆ ಯೊಲಾಂಡಾದ್ರ ತರ ಇಲ್ವಲ್ಲ," ಅಂದಳು. ಮುಂದಿನ ಬುಧವಾರ ಇನ್ನೇನೋ ಹಾಕಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಈಗ ನಾಯಿಯ ವಿಷಯ. ಚೀಟಿ ಕೊಟ್ಟ ತಿಂಗಳಲ್ಲೇ ಯೊಲಾಂಡಾ ಕೇಳಿದ್ದಳು: "ಚೀಸ್ ತುರಿದ ಮೇಲೆ ಆ ಗಟ್ಟಿ ಸಿಪ್ಪೆ ಬಿಸಾಕ್ಬೇಡ, ಕೊಮಾರೆ. ನನ್ನ ಬ್ರೂನೋಗೆ ಅದು ಅಂದ್ರೆ ಪ್ರಾಣ." ಸಿಪ್ಪೆಯನ್ನು ನಾವು ಚಳಿಗಾಲದಲ್ಲಿ ಸೂಪಿಗೆ ಹಾಕುತ್ತೇವೆ. ಆದರೆ ಕೊಮಾರೆ ಬಾಯಿಬಿಟ್ಟು ಕೇಳಿದ ಮೇಲೆ ಸೂಪು ಯಾವ ಲೆಕ್ಕ? ಪ್ರತಿ ಶನಿವಾರ ಬೆಳಿಗ್ಗೆ ಲೊರೆಟ್ಟಾ ಸಿಪ್ಪೆಗಳನ್ನು ಕಾಗದದ ಚೀಲದಲ್ಲಿ ಕಟ್ಟಿ ಎರಡು ಓಣಿ ನಡೆದು ಕೊಟ್ಟು ಬರುತ್ತಿದ್ದಳು. ಚರ್ಚಿನ ಊಟದ ಚೀಸನ್ನೆಲ್ಲ ತುರಿಯುವುದೂ ಅವಳದೇ ಕೆಲಸ, ಹಾಗಾಗಿ ಆ ಶನಿವಾರ ಚೀಲ ದಿಂಬಿನಷ್ಟಿರುತ್ತಿತ್ತು. ಹಿಮ ಬಿದ್ದರೂ ನಡೆದಳು. ಸೊಂಟ ಹಿಡಿದ ಮೇಲೆ ಮಗಳು ಮರೀಸಾ ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ಬ್ರೂನೋ ಸತ್ತು ಇಪ್ಪತ್ತು ವರ್ಷವಾಯಿತು. ಆಮೇಲೆ ಯೊಲಾಂಡಾ "ಪಕ್ಕದ ಮನೆ ನಾಯಿಗೆ" ಅಂದಳು. ಪಕ್ಕದ ಮನೆಯವರು ಸಾಕಿದ್ದು ಬೆಕ್ಕು. ಆಗಲೇ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಯೊಲಾಂಡಾಳ ಮಣಿಕಟ್ಟು ಸೋತಿತು. "ಈ ಅಕ್ಟೋಬರೇ ಕೊನೆ. ಊಟ ಮುಗಿದ ಮೇಲೆ ಸೌಟನ್ನ ಎಲ್ಲರ ಮುಂದೆ ಒಬ್ರ ಕೈಗೆ ಒಪ್ಪಿಸ್ತೀನಿ," ಎಂದು ಹಾಲ್‌ನಲ್ಲಿ ಸಾರಿದಳು. ಯಾರ ಕೈಗೆ ಎಂದು ಯಾರೂ ಕೇಳಲಿಲ್ಲ. ಮೂವತ್ತೊಂದು ವರ್ಷ ಆ ಪಾತ್ರೆಯ ಪಕ್ಕದಲ್ಲಿ ನಿಂತು ಬೆರಳು ಉರಿಯುವ ತನಕ ಮೆಣಸಿನಕಾಯಿ ಹೆಚ್ಚಿದವಳು ಲೊರೆಟ್ಟಾ. ಕೊಮಾರೆ ಬೇರೆ. ಅವಳು ಬಾಯಲ್ಲಿ ಏನೂ ಹೇಳಲಿಲ್ಲ. ಆದರೆ ಒಂದು ಹೊಸ ಏಪ್ರನ್ ಕೊಂಡು, ತೊಳೆದು, ಇಸ್ತ್ರಿ ಮಾಡಿ, ಬಾಗಿಲ ಹಿಂದೆ ತೂಗುಹಾಕಿದಳು.

ಊಟದ ವಾರದ ಮಂಗಳವಾರ ಅವಳಿಗೆ ಮನಸ್ಸು ತಡೆಯಲಿಲ್ಲ. ಕೆನೆ ಎಷ್ಟು ಬೇಕು, ಕೋಳಿ ಎಷ್ಟು ಎಂದು ಕೇಳುವ ನೆಪ ಮಾಡಿಕೊಂಡು, ಅಲ್ಲಿಯವರೆಗೆ ಕೂಡಿದ್ದ ನಾಲ್ಕು ಸಿಪ್ಪೆಯನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ನಮ್ಮಲ್ಲಿ ಯಾರೂ ಮುಂಬಾಗಿಲು ತಟ್ಟುವುದಿಲ್ಲ, ಪಕ್ಕದ ಅಡುಗೆಮನೆ ಬಾಗಿಲಿಗೇ ಹೋಗುತ್ತೇವೆ. ಬೀದಿಯಲ್ಲಿ ಮರೀಸಾಳ ಕಾರು ನಿಂತಿತ್ತು. ಇವತ್ತು ಆಫೀಸಿನಲ್ಲಿ ಬಿಡುವಿಲ್ಲ ಎಂದು ಬೆಳಿಗ್ಗೆ ತಾನೇ ಫೋನಿನಲ್ಲಿ ಹೇಳಿದ್ದಳು. ಜಾಲರಿ ಬಾಗಿಲಿನಾಚೆ ಯೊಲಾಂಡಾ ಕುರ್ಚಿಯಲ್ಲಿ ಕೂತಿದ್ದಳು. ಒಲೆಯ ಮುಂದೆ ಮರೀಸಾ ಇಕ್ಕಳ ಹಿಡಿದು ನಿಂತಿದ್ದಳು. ಪಾತ್ರೆಯಲ್ಲಿ ಬಿಳಿ ಕೆನೆ, ಅದರಲ್ಲಿ ಮುಳುಗಿದ ಚೀಸಿನ ಸಿಪ್ಪೆಗಳು. ಕಳೆದ ಶನಿವಾರ ತಾನೇ ಕಟ್ಟಿ ಕೊಟ್ಟವು.

ಮುಂದಿನದನ್ನು ಅವಳು ನನಗೆ ಹೇಳಿದಂತೆಯೇ ಬರೆಯುತ್ತೇನೆ.

"ಇನ್ನೂ ಎಷ್ಟು ಹೊತ್ತು ಇರ್ಬೇಕು, ಆಂಟಿ?"

"ಸಿಪ್ಪೆ ಮೆತ್ತಗಾಗಿ ಬಾಗೋ ತನಕ. ಕೆನೆ ಕುದೀಬಾರ್ದು, ಸುಮ್ನೆ ನಡುಗ್ತಿರ್ಬೇಕು. ಆಮೇಲೆ ಎಲ್ಲಾ ಎತ್ತಿ ಬಿಸಾಕು. ತಟ್ಟೇಲಿ ಒಂದು ಚೂರು ಕಂಡ್ರೆ ಗುಟ್ಟು ರಟ್ಟು."

"ಪಾಪ, ಅಮ್ಮ ಇನ್ನೂ ನಾಯಿಗೆ ಅಂದ್ಕೊಂಡಿದಾಳೆ."

ಇಬ್ಬರೂ ನಕ್ಕರು. ಮೊದಲು ನಗು ನಿಲ್ಲಿಸಿದವಳು ಮರೀಸಾ. "ಇನ್ನಾದ್ರೂ ಹೇಳ್ಬಿಡೋಣ್ವಾ ಆಂಟಿ?"

"ಹೇಳಿ ಏನ್ಮಾಡೋದು? ನಿಮ್ಮಮ್ಮಂಗೆ ಗಂಡ ಇದಾನೆ, ನೀನಿದೀಯ, ಮೇಲ್ಗಡೆ ಜಗಳಕ್ಕೊಬ್ಬ ನಾದಿನಿ ಇದಾಳೆ. ನಂಗೆ ಈ ಪಾತ್ರೆ ಒಂದೇ. ಅವಳ ಕೈಗೂ ಬಂದ್ಬಿಟ್ರೆ ಆಮೇಲೆ ನನ್ನ ಮನೆಗೆ ಯಾರು ಬರ್ತಾರೆ? ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದೀಯ, ನಾನು ಸಾಯೋ ತನಕ ಮುಚ್ಕೊಂಡಿರು. ಶನಿವಾರ ಸೌಟು ನಿಂಗೇ."

ಲೊರೆಟ್ಟಾ ಚೀಲದ ಕಾಗದ ಸದ್ದು ಮಾಡದಂತೆ ಎದೆಗೆ ಒತ್ತಿಕೊಂಡು ಹಿಂದಕ್ಕೆ ಬಂದಳು. ಸೀದಾ ನನ್ನ ಮೆಟ್ಟಿಲು ಹತ್ತಿದಳು. ಸೊಂಟ ನೋವಿನವಳು ವರ್ಷಕ್ಕೊಮ್ಮೆಯೂ ಹತ್ತುವುದಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿ, ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಳು.

ನಾನು ಯೊಲಾಂಡಾಳ ವಂಶವನ್ನು ಮೂರು ತಲೆಮಾರಿನ ತನಕ ಬೈದೆ. "ಜಗಳಕ್ಕೊಬ್ಬ ನಾದಿನಿ ಅಂದ್ಲಾ? ಬರ್ತೀನಿ, ತೋರಿಸ್ತೀನಿ ಜಗಳ ಅಂದ್ರೆ ಏನು ಅಂತ!"

"ಯೊಲಾಂಡಾ ಮಾತು ಬಿಡು," ಅಂದಳು. "ಅವಳು ಹೊರಗಿನವಳು. ಇವಳು ಹನ್ನೊಂದು ವರ್ಷ ನನ್ನ ಮೇಜಲ್ಲಿ ಕೂತು ಆ ಕೆಟ್ಟ ಸಾಸ್ ತಿಂದು 'ಚೆನ್ನಾಗಿದೆ ಅಮ್ಮಾ' ಅಂದ್ಲಲ್ಲ. ಸಿಪ್ಪೆ ಕೊಡೋಕೆ ನನ್ನನ್ನ ಕಾರಲ್ಲಿ ಕೂರಿಸ್ಕೊಂಡು ಹೋದ್ಲಲ್ಲ. ಬಾಗಿಲು ತೆಗೆದು ಕೈ ಹಿಡಿದು ಇಳಿಸ್ತಿದ್ಲು ಕಣೇ." ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನೀನು ಏನೂ ಹೇಳ್ಕೂಡ್ದು. ಶನಿವಾರದ ತನಕ ಮರೀಸಾಗೆ ಸಮಯ ಇದೆ. ಅವಳೇ ಬಂದು ಹೇಳಿದ್ರೆ ನಾನು ಎಲ್ಲಾ ಮರೀತೀನಿ, ಸೌಟೂ ಅವಳೇ ಇಟ್ಕೊಳ್ಲಿ. ಬಾಯಿಬಿಟ್ಟು ಒಂದು ಮಾತು ಹೇಳ್ಲಿ ಸಾಕು."

ಶುಕ್ರವಾರ ನಾವಿಬ್ಬರೂ ದಿನವಿಡೀ ಚೀಸ್ ತುರಿದೆವು. ಶನಿವಾರ ಬೆಳಿಗ್ಗೆ ದಿಂಬಿನಷ್ಟು ದೊಡ್ಡ ಚೀಲ ಅಡುಗೆಮನೆಯ ಮೇಜಿನ ಮೇಲಿತ್ತು. ಏಳು ಗಂಟೆಗೆ ಲೊರೆಟ್ಟಾ ಹೊರಡಲಿಲ್ಲ. ಏಳೂವರೆಗೆ ಫೋನು ಬಂತು, ಅವಳು ಎತ್ತಲಿಲ್ಲ. ಯೊಲಾಂಡಾ ಯಾವಾಗಲೂ ಕೆನೆಯನ್ನು ತನ್ನ ಮನೆಯಲ್ಲೇ ಬಿಸಿಮಾಡಿ ಮುಚ್ಚಿದ ಪಾತ್ರೆಗಳಲ್ಲಿ ತರುತ್ತಿದ್ದಳು. ಹಾಲ್‌ನ ಒಲೆ ಕೆನೆಯನ್ನು ಸುಡುತ್ತದೆ ಎಂದು ಕಾರಣ ಕೊಡುತ್ತಿದ್ದಳು. ನಿಜವಾದ ಕಾರಣ ಏನೆಂದು ಆ ಬೆಳಿಗ್ಗೆ ನನಗೆ ಅರ್ಥವಾಯಿತು. ಎಂಟಕ್ಕೆ ಕಾರು ನಿಂತ ಸದ್ದು. ಮರೀಸಾ ಒಳಗೆ ಬಂದಳು, ಕೆನ್ನೆ ಕೆಂಪಾಗಿತ್ತು.

"ಅಮ್ಮಾ, ಸಿಪ್ಪೆ ಕೊಡು. ನಾನು ಆಂಟಿ ಮನೆ ಕಡೆ ಹೋಗ್ತಿದ್ದೀನಿ, ಕೊಟ್ಬಿಡ್ತೀನಿ."

"ಕೂತ್ಕೋ. ಕಾಫಿ ಕುಡಿ."

"ಹೊತ್ತಿಲ್ಲಮ್ಮಾ."

"ಸಿಪ್ಪೆಗೆ ಏನು ಅಷ್ಟು ಅವಸರ? ಊಟ ಮುಗಿದ ಮೇಲೆ ಕೊಟ್ರಾಗಲ್ವಾ?"

ಮರೀಸಾ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. "ಅಮ್ಮಾ, ಪ್ಲೀಸ್. ಆಂಟಿ ಕಾಯ್ತಿದಾಳೆ."

ಲೊರೆಟ್ಟಾ ಎರಡು ಕೈಯನ್ನೂ ಚೀಲದ ಮೇಲಿಟ್ಟಳು. ದನಿ ತೀರಾ ಮೆತ್ತಗಿತ್ತು. "ಕೊಡ್ತೀನಿ ಮಗಳೇ. ಯಾಕೆ ಬೇಕು ಅಂತ ಒಂದು ಸಲ ಹೇಳು, ತಗೊಂಡು ಹೋಗು. ಎಲ್ಲಾ ತಗೊಂಡು ಹೋಗು."

ಹೇಳೇ, ಹೇಳಿಬಿಡೇ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಮರೀಸಾ ಚೀಲದ ಕಡೆ ಕೈ ಚಾಚಿದಳು.

"ನಾಯಿಗೆ," ಅಂದಳು.

ಲೊರೆಟ್ಟಾ ತಲೆಯಾಡಿಸಿದಳು. ಎದ್ದು ಕೋಟು ಹಾಕಿಕೊಂಡಳು, ಚೀಲವನ್ನು ತೋಳಿನಲ್ಲಿ ಎತ್ತಿಕೊಂಡಳು. "ನಾಯಿಗೆ ನಾನೇ ಕೊಡ್ತೀನಿ. ನೀನು ಹೋಗು, ಕೆಲಸ ಇದೆಯಲ್ಲ," ಅಂದಳು.

ನಡೆದು ಹೋದದ್ದು ಚರ್ಚಿಗೆ. ಫಾದರಿಗೆ ಬಿಷಪ್ ಎಂಬ ಹೆಸರಿನ ಒಂದು ಮುದಿ ನಾಯಿ ಇದೆ. ಅದರ ಮುಂದೆ ಒಂದು ಸಿಪ್ಪೆ ಇಟ್ಟು, ಅದು ಕಚ್ಚಿ ಎಳೆಯುವುದನ್ನು ಸ್ವಲ್ಪ ಹೊತ್ತು ನೋಡಿದಳು. ಉಳಿದ ಚೀಲವನ್ನು ಫಾದರಿನ ಅಡುಗೆಯವಳ ಕೈಗೆ ಕೊಟ್ಟು "ನಾಯಿಗೆ" ಅಂದಳು. ಆಮೇಲೆ ಊಟದ ಹಾಲ್‌ಗೆ ಇಳಿದು, ಹೊಸ ಏಪ್ರನ್ ಕಟ್ಟಿಕೊಂಡು, ಮೆಣಸಿನಕಾಯಿ ಹೆಚ್ಚಲು ಕೂತಳು.

ಹನ್ನೆರಡಕ್ಕೆ ಯೊಲಾಂಡಾ ಬಂದಳು. ಮರೀಸಾ ಕೆನೆಯ ಪಾತ್ರೆಗಳನ್ನು ಹೊತ್ತು ತಂದಳು. ಬರಿ ಕೆನೆ. ನಾನೂರು ತಟ್ಟೆಗೆ ಸಾಲುವಷ್ಟು ಸಿಪ್ಪೆ ಒಂದು ಬೆಳಿಗ್ಗೆಯಲ್ಲಿ ಎಲ್ಲಿಂದ ತರುತ್ತಾರೆ? ಲೊರೆಟ್ಟಾಳನ್ನು ಎಲ್ಲರ ಮುಂದೆ ಕೇಳೋಣವೆಂದರೆ ಕೇಳುವ ಹಾಗಿಲ್ಲ. ಮೂವರೂ ಒಂದೇ ಮೇಜಿನ ಸುತ್ತ ನಿಂತು ಬೆಳ್ಳುಳ್ಳಿ, ಉಪ್ಪು, ಚಾಕು ಎಂದು ಅಷ್ಟೇ ಮಾತಾಡಿದರು. ಒಮ್ಮೆ ಯೊಲಾಂಡಾ ಬಗ್ಗಿ ಮೆಲ್ಲಗೆ ಕೇಳಿದಳು: "ಚೀಲ ಏನ್ಮಾಡ್ದೆ, ಕೊಮಾರೆ?"

"ನಾಯಿಗೆ ಕೊಟ್ಟೆ. ನೀನೇ ಅಲ್ವಾ ಹೇಳಿದ್ದು?"

ಯೊಲಾಂಡಾಳ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಆ ಸಂತೋಷ ಸಂಜೆಯ ತನಕವೂ ಬಾಳಲಿಲ್ಲ. ನಾಲ್ಕು ಗಂಟೆಗೆ ಬಡಿಸಲು ಶುರುಮಾಡಿದೆವು. ಈಗ ಯಾರಾದರೂ ಮುಖ ಸಿಂಡರಿಸುತ್ತಾರೆ, ಈಗ ಯಾರಾದರೂ ಏನೋ ಕಮ್ಮಿಯಾಗಿದೆ ಅನ್ನುತ್ತಾರೆ ಎಂದು ಕಾದೆ. ಒಬ್ಬರೂ ಅನ್ನಲಿಲ್ಲ. ನಾನೂರು ಜನ ತಿಂದರು, ಬ್ರೆಡ್ಡಿನಿಂದ ತಟ್ಟೆ ಒರೆಸಿದರು, "ಯೊಲಾಂಡಾ, ಪ್ರತಿ ವರ್ಷದ ಹಾಗೇ!" ಎಂದು ಕೂಗಿದರು. ಯಾರ ನಾಲಿಗೆಗೂ ಗೊತ್ತಾಗದ ಒಂದು ಚೂರು ರುಚಿಗಾಗಿ ಮೂವತ್ತೊಂದು ವರ್ಷ ಒಬ್ಬ ಹೆಂಗಸನ್ನು ಮೂರ್ಖಳನ್ನಾಗಿ ಮಾಡಿದ್ದರು.

ಗೊತ್ತಾದದ್ದು ಒಬ್ಬನಿಗೇ. ನನ್ನ ಅಣ್ಣ ಎರಡನೆಯ ತಟ್ಟೆ ಮುಗಿಸಿ ಹೆಂಡತಿಯನ್ನು ಕರೆದ. "ಲೊರೆಟ್ಟಾ, ಇವತ್ತು ಯೊಲಾಂಡಾದು ನಮ್ಮನೇದ್ರ ತರಾನೇ ಇದೆ ಕಣೇ."

"ಒಳ್ಳೇದೋ, ಕೆಟ್ಟದ್ದೋ?"

"ಏನೋಪ್ಪ. ನಂಗೆ ನಮ್ಮನೇದೇ ಅಭ್ಯಾಸ ಆಗ್ಬಿಟ್ಟಿದೆ," ಅಂದ. ಪುಣ್ಯಾತ್ಮ ಈ ಮಾತನ್ನು ಇಪ್ಪತ್ತು ವರ್ಷ ಮೊದಲು ಹೇಳಿದ್ದರೆ ಏನು ಹೋಗುತ್ತಿತ್ತು?

ಆರೂವರೆಗೆ ಯೊಲಾಂಡಾ ಎದ್ದು ನಿಂತು ಸೌಟನ್ನು ಮರೀಸಾಳ ಕೈಗೆ ಕೊಟ್ಟಳು. ಜನ ಒಂದು ಕ್ಷಣ ಲೊರೆಟ್ಟಾಳ ಕಡೆ ನೋಡಿದರು. ಆಮೇಲೆ, ಮಗಳಿಗೆ ಬಂದರೇನು ತಾಯಿಗೆ ಬಂದರೇನು ಎಂದುಕೊಂಡು ಜೋರಾಗಿ ಚಪ್ಪಾಳೆ ಹೊಡೆದರು. ಲೊರೆಟ್ಟಾಳೂ ಹೊಡೆದಳು, ಖಾರದಿಂದ ಉರಿಯುವ ಕೈಗಳಲ್ಲಿ. ಮನೆಗೆ ಬಂದು ಏಪ್ರನ್ ಬಿಚ್ಚಿ ನನಗೆ ಕೊಟ್ಟಳು. "ನಿಂಗೆ ಸರಿಯಾಗುತ್ತೆ, ಇಟ್ಕೋ."

ಭಾನುವಾರ ಪೂಜೆ ಮುಗಿಸಿ ಮರೀಸಾ ಎಂದಿನಂತೆ ಊಟಕ್ಕೆ ಬಂದಳು. ಕಣ್ಣು ಊದಿತ್ತು. ಅಣ್ಣ ತಿಂದು ಎದ್ದು ಹೋದ ಮೇಲೆ ಅವಳು ಕೈಚೀಲದಿಂದ ಒಂದು ಹೊಸ ಚೀಟಿ ತೆಗೆದು ಅಮ್ಮನ ಮುಂದೆ ಇಟ್ಟಳು. ತನ್ನ ಗುಂಡು ಅಕ್ಷರದಲ್ಲಿ ಮೇಲಿನಿಂದ ಕೆಳಗಿನ ತನಕ ಬರೆದಿದ್ದಳು. ನಾನು ಕತ್ತು ಚಾಚಿ ನೋಡಿದೆ. ಸಿಪ್ಪೆ ಇತ್ತು, ಎಷ್ಟು ಹೊತ್ತು ಇಡಬೇಕು ಎನ್ನುವುದೂ ಇತ್ತು.

"ಆಂಟಿ ಆಣೆ ಹಾಕಿಸಿದ್ಲು ಅಮ್ಮಾ. ನಂಗಾಗ ಇಪ್ಪತ್ತು ವರ್ಷ. ಆಮೇಲೆ ಹೇಳೋಣ ಹೇಳೋಣ ಅಂತ... ದಿನ ಹೋದ ಹಾಗೆ ಕಷ್ಟ ಆಯ್ತು." ಅಳುತ್ತಿದ್ದಳು. "ಇದು ಪೂರ್ತಿ ಇದೆ. ಓದು."

ಲೊರೆಟ್ಟಾ ಕನ್ನಡಕ ಹಾಕಿಕೊಂಡು ಓದಿದಳು. ಒಂದು ಸಲವಲ್ಲ, ಎರಡು ಸಲ, ಸಾಲಿನ ಕೆಳಗೆ ಬೆರಳಿಟ್ಟು. ಆಮೇಲೆ ಚೀಟಿ ಮೇಜಿನ ಮೇಲಿಟ್ಟು ಕನ್ನಡಕ ತೆಗೆದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ. ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಿಜವಾಗಿಯೂ ತಿಳಿಯಬೇಕು ಎನ್ನುವವಳ ಹಾಗೆ ಮಗಳನ್ನು ಕೇಳಿದಳು:

"ಇದ್ರಲ್ಲಿ ಏನು ಬಿಟ್ಟಿದ್ದೀಯ?"

"ಏನೂ ಬಿಟ್ಟಿಲ್ಲ ಅಮ್ಮಾ! ಒಂದಕ್ಷರಾನೂ ಬಿಟ್ಟಿಲ್ಲ!"

"ಯೊಲಾಂಡಾನೂ ಹಾಗೇ ಅಂದಿದ್ಲು," ಎಂದು ಲೊರೆಟ್ಟಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಎದ್ದಳು.